ದೇವವ್ವ ಹೇಳದ ಹೆಸರು

ಕರೇಬಾವಿಯಲ್ಲಿ ದೇವವ್ವ ಕುಳಿತದ್ದನ್ನು ನೋಡಿದವರು ಕಡಿಮೆ. ಉಣ್ಣುವುದೂ ನಿಂತುಕೊಂಡೇ. ಎಡಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಯ, ಕಣ್ಣು ಶಿರಹಟ್ಟಿಯ ದಾರಿಯ ಮೇಲೆ. ಬಂಡಿ ಬಂದ ಸಪ್ಪಳವಾದರೆ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಹೋಗಿ, ಒಳಗೆ ಯಾರಿದ್ದಾರೆಂದು ಇಣುಕಿ ನೋಡಿ ಬರುತ್ತಿದ್ದಳು. "ಈಕಿ ಅಂಗಾಲಿಗೆ ಗಾಲಿ ಅದಾವ" ಎಂದು ಊರು ನಗುತ್ತಿತ್ತು. ಅವಳು ನಗುತ್ತಿರಲಿಲ್ಲ.

ಅವಳು ಆ ಊರಿನ ಸೂಲಗಿತ್ತಿ. ನನ್ನ ಚಿಕ್ಕಪ್ಪ ಬಸಲಿಂಗಯ್ಯ ಅಲ್ಲಿ ಶಾಲೆಯ ಮಾಸ್ತರರಾಗಿದ್ದರು. ಅವರು ಹೇಳಿದ್ದನ್ನೂ ಬಳೆಗಾರ್ತಿ ಅಮೀನಬಿ ಹೇಳಿದ್ದನ್ನೂ ಕೂಡಿಸಿ ಇದನ್ನು ಬರೆಯುತ್ತಿದ್ದೇನೆ. ಇಬ್ಬರ ಮಾತೂ ತಾಳೆಯಾಗದ ಕಡೆ ಅಮೀನಬಿಯನ್ನು ನಂಬಿದ್ದೇನೆ.

ಕರೇಬಾವಿ ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಊರು. ನೂರಾ ಎಂಬತ್ತು ಮನೆ, ಐದು ಭಾಷೆ. ಒಕ್ಕಲು ಮನೆಗಳಲ್ಲಿ ಕನ್ನಡ, ನೇಕಾರ ಓಣಿಯಲ್ಲಿ ಬಾಗಿಲು ದಾಟಿದರೆ ತೆಲುಗು, ಮಸೀದಿ ಓಣಿಯಲ್ಲಿ ಉರ್ದು, ವಾಡೆಯಲ್ಲಿ ಮರಾಠಿ, ಊರ ಹೊರಗಿನ ತಾಂಡೆಯಲ್ಲಿ ಲಂಬಾಣಿ. ಸಂಸ್ಥಾನಕ್ಕೆ ಸೇರಿದ ಊರಾದ್ದರಿಂದ ಚಾವಡಿಯ ಕಾಗದಪತ್ರವೆಲ್ಲ ಮರಾಠಿಯಲ್ಲಿರುತ್ತಿತ್ತು. ಊರಿನ ಮುಕ್ಕಾಲು ಮಂದಿಗೆ ಓದಲು ಬಾರದ ಭಾಷೆಯಲ್ಲಿ ಅವರದೇ ಹೊಲದ ಎಲ್ಲೆ ಬರೆದಿತ್ತು. ೧೯೪೮ಕ್ಕೆ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು, ೫೬ಕ್ಕೆ ಏಕೀಕರಣವಾಗಿ ಮೈಸೂರು ರಾಜ್ಯ ಬಂತು. ಎಂಟು ವರ್ಷದಲ್ಲಿ ಮೂರು ಒಡೆತನ. ಭಾಷೆಗಳು ಮಾತ್ರ ಐದೇ ಉಳಿದವು. ಇದನ್ನು ಆ ಊರಿನವರು ಸಾಮರಸ್ಯವೆಂದು ಹೊಗಳಿಕೊಳ್ಳುತ್ತಿರಲಿಲ್ಲ. ಬಾವಿಯ ನೀರು ಸವಳಾಗಿರುವಂತೆ ಅದೂ ಒಂದು ಇರುವ ಸಂಗತಿ.

ದೇವವ್ವನಿಗೆ ಐದೂ ಬರುತ್ತಿದ್ದವು. ನೋವು ತಿನ್ನುವ ಹೆಂಗಸು ತನ್ನ ತಾಯಿಯ ಮನೆಯ ಮಾತಿಗೆ ಮಾತ್ರ ಕಿವಿಗೊಡುತ್ತಾಳೆ ಎಂಬುದನ್ನು ಅವಳು ಕೆಲಸದಿಂದಲೇ ಕಂಡುಕೊಂಡಿದ್ದಳು. ಇನ್ನೊಂಚೂರು ತಡಿ ಎನ್ನಲು ನೇಕಾರ ಓಣಿಯಲ್ಲಿ "ಇಂಕೊಂಚೆಂ, ತಲ್ಲೀ" ಎನ್ನುವಳು, ಮುಗಿಯಿತು ಎನ್ನಲು ಮಸೀದಿ ಓಣಿಯಲ್ಲಿ "ಬಸ್ ಬೇಟಿ, ಹೋಗಯಾ" ಎನ್ನುವಳು. ಅದಕ್ಕಿಂತ ಮುಖ್ಯವಾಗಿ, ಹೆರುವವಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ನಮ್ಮ ಕಡೆ ಮದುವೆಯಾದ ಹೆಂಗಸಿನ ಹೆಸರು ಬಳಕೆ ತಪ್ಪಿ ಹೋಗುತ್ತದೆ. ಗಂಡ "ಏ" ಅನ್ನುತ್ತಾನೆ, ಅತ್ತೆ "ನಮ್ಮ ಸೊಸಿ" ಅನ್ನುತ್ತಾಳೆ, ಊರು "ಹುಲಗಪ್ಪನ ಹೇಂತಿ" ಅನ್ನುತ್ತದೆ. ಪ್ರಾಣ ಹೋಗಿ ಬರುವ ಹೊತ್ತಿನಲ್ಲಿ "ಹುಲಗಪ್ಪನ ಹೇಂತೀ" ಎಂದು ಕೂಗಿದರೆ ಯಾರೂ ಓಗೊಡುವುದಿಲ್ಲ. ಆದ್ದರಿಂದ ಊರಿನ ಎಲ್ಲ ಹೆಂಗಸರ ಹೆಸರು ತಿಳಿದವಳು ಅವಳೊಬ್ಬಳೇ.

ಅವಳ ಗಂಡನ ಹೆಸರು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಹಾಗೆಂದು ಅವಳು ನಂಬಿದ್ದಳು.

೧೯೨೧ರಲ್ಲಿ, ಹದಿನೆಂಟರ ಹುಡುಗಿಯಾಗಿದ್ದಾಗ, ಗಡಿಯಾಚೆಯ ನಿಜಾಮರ ಸೀಮೆಯಿಂದ ಗಂಡನ ಹಿಂದೆ ನಡೆದು ಬಂದಿದ್ದಳು. ಕರೇಬಾವಿಯ ಗುಡಿಯ ಕಟ್ಟೆಯಲ್ಲಿ ಎಂಟು ದಿನ ಇದ್ದರು. ಒಂಬತ್ತನೆಯ ದಿನ ಅವನು ಗದಗಿನ ಹತ್ತಿ ಜಿನ್ನಿಗೆ ಕೆಲಸ ಕೇಳಲು ಹೋದ. ದೀಪಾವಳಿಗೆ ಬರುವುದಾಗಿ ಹೇಳಿದ್ದ, ಬರಲಿಲ್ಲ. ಆಗಿನ ಸೂಲಗಿತ್ತಿ ಫಕ್ಕೀರವ್ವ ಇವಳನ್ನು ಮನೆಗೆ ಕರೆದುಕೊಂಡು ಕೆಲಸ ಕಲಿಸಿದಳು. ಫಕ್ಕೀರವ್ವ ಸತ್ತ ಮೇಲೆ ಮನೆಯೂ ಕೆಲಸವೂ ಇವಳಿಗೆ ಉಳಿದವು.

ದೇವವ್ವ ಗಂಡನನ್ನು ಹುಡುಕಲಿಲ್ಲ ಎನ್ನುವಂತಿಲ್ಲ. ಎರಡು ಸಲ ಗದಗಿಗೆ ನಡೆದು ಹೋಗಿ ಹತ್ತಿ ಪೇಟೆಯಲ್ಲಿ ಕೇಳಿದಳು. "ಎತ್ತರ ಮನಷ್ಯಾ ಅದಾರ್ರಿ. ಎಡಗಿವಿ ಹರದೈತಿ." ಜನ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಹೆಸರೇನು?" ಅಲ್ಲಿಗೆ ಇವಳ ಬಾಯಿ ಕಟ್ಟುತ್ತಿತ್ತು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಮದುವೆ ಮನೆಯಲ್ಲಿ ಬಾಗಿಲು ಅಡ್ಡಗಟ್ಟಿದಾಗ ಒಡಪಿನ ಪ್ರಾಸದೊಳಗೆ ಸೇರಿಸಿ ಹೇಳಬಹುದು, ಅಷ್ಟಕ್ಕೆ ದೋಷವಿಲ್ಲ. ದೇವವ್ವ ಒಡಪಿನಲ್ಲೂ ಹೇಳುತ್ತಿರಲಿಲ್ಲ, ಬಾಗಿಲಲ್ಲಿ ಹೆಂಗಸರು ಕೂಡುವ ಹೊತ್ತಿಗೆ ಹಿತ್ತಲಿನಿಂದ ಹೊರಟುಹೋಗುತ್ತಿದ್ದಳು. ಹೆಸರು ತನ್ನ ಬಾಯೊಳಗೆ ಎಷ್ಟು ದಿನ ಇರುತ್ತದೋ ಅಷ್ಟು ದಿನ ಅವನು ಎಲ್ಲೋ ಬದುಕಿರುತ್ತಾನೆ ಎಂಬುದು ಅವಳ ಲೆಕ್ಕ. ಹೆಸರಿಲ್ಲದೆ ಮನುಷ್ಯನನ್ನು ಹುಡುಕಲು ಆಗುವುದಿಲ್ಲ, ಹೆಸರು ಹೇಳಿದರೆ ಹುಡುಕುವ ಮನುಷ್ಯ ಉಳಿಯುವುದಿಲ್ಲ. ಇಂಥ ಗಂಟು ಹಾಕಿಕೊಳ್ಳುವುದಕ್ಕೆ ನಮ್ಮಲ್ಲಿ ಪತಿಭಕ್ತಿ ಎಂಬ ಹೆಸರಿದೆ. ನಾನು ಆ ಹೆಸರು ಕೊಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಒಬ್ಬ ಹೆಂಗಸು ಕೂಡಲಾರದೆ ತಿರುಗಿದಳು, ಅಷ್ಟೆ.

ರಜಾಕಾರರ ಹಾವಳಿಯಲ್ಲಿ ನಿಜಾಮರ ಗಡಿ ದಾಟಿ ಜನ ಮುಂಡರಗಿಗೆ ಬಂದಾಗ ಅವಳೂ ಅಲ್ಲಿಗೆ ಹೋಗಿ, ಬಿಡಾರದಿಂದ ಬಿಡಾರಕ್ಕೆ ಅಲೆದು ಗಂಡಸರ ಕಿವಿ ನೋಡಿಕೊಂಡು ಬಂದಳು. ಪ್ರತಿವರ್ಷ ಪಂಚಮಿಗೆ ಮುಂಚೆ ಅಮೀನಬಿ ಬಳೆಯ ಮಲಾರ ಹೊತ್ತು ಬಂದಾಗ ಎರಡೂ ಕೈ ಒಡ್ಡಿ ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದಳು. ದೀಪಾವಳಿಯ ಪಾಡ್ಯದಂದು ಹೊಸ್ತಿಲಲ್ಲಿ ಸಗಣಿಯ ಪಾಂಡವರನ್ನು ಮಾಡಿ ಇಡುವಾಗ ಮಾತ್ರ "ಐವರನ್ನ ಇಟ್ಟೇನಿ" ಎನ್ನುವಳು. ನೇಕಾರ ಓಣಿಯವರು ಪಂಢರಪುರದ ಯಾತ್ರೆಗೆ ಹೊರಟರೆ "ದೊಡ್ಡ ದೇವರ ಊರಿಗೆ ಹೊಂಟ್ರೇನು?" ಎಂದು ಕೇಳುವಳು.

೧೯೫೦ರ ದೀಪಾವಳಿಯ ಹಿಂದೆಮುಂದೆ ಮತದಾರರ ಯಾದಿ ಮಾಡುವ ಕೆಲಸ ಬಸಲಿಂಗಯ್ಯ ಮಾಸ್ತರರ ತಲೆಗೆ ಬಂತು. ಮೊದಲ ಸಲ ಅವರು ಕೊಟ್ಟ ಯಾದಿ ಕಚೇರಿಯಿಂದ ಹಾಗೇ ತಿರುಗಿ ಬಂತು. ಅದರಲ್ಲಿ ಹೆಂಗಸರು ಇದ್ದರು, ಹೆಸರುಗಳಿರಲಿಲ್ಲ. ಹುಲಗಪ್ಪನ ಹೆಂಡತಿ, ಹೊಳೆಯಪ್ಪನ ತಾಯಿ, ಶೇಖಸಾಬನ ಮನೆಯವಳು. ಸ್ವಂತ ಹೆಸರಿಲ್ಲದವರನ್ನು ಯಾದಿಯಿಂದ ತೆಗೆಯಲಾಗುವುದು ಎಂದು ಮೇಲೆ ಬರೆದಿತ್ತು. ಎಂಟು ದಿನ ಗಡುವು.

ಮಾಸ್ತರರು ದೇವವ್ವನನ್ನು ಕರೆದುಕೊಂಡು ಮತ್ತೆ ಮನೆ ಮನೆ ಸುತ್ತಿದರು.

"ಹೆಸರ ಹೇಳವಾ" ಎಂದು ಅವರು ಹುಲಗಪ್ಪನ ಹೆಂಡತಿಯನ್ನು ಕೇಳಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಕೇಳಿದ್ದು ಗಂಡನ ಹೆಸರೆಂದು ತಿಳಿದು, ಒಡಪು ಹಾಕಿದಳು:

"ಹತ್ತಿ ಹೊಲಕ್ಕ ಬಂದಾವ ಗಿಣಿ, ಹುಲಗಪ್ಪ ಉಣ್ಣಾಕ ಬಂದರ ಹಾಕೇನಿ ಮಣಿ."

"ಅವಂದಲ್ಲಬೇ, ನಿಂದು!"

"ನಂದ್ಯಾಕ್ರಿ ಯಪ್ಪಾ? ನಾ ಏನ್ ಮಾಡೇನಿ?"

"ಮಂಜವ್ವ ಅಂತ ಬರಕೋರಿ" ಎಂದಳು ದೇವವ್ವ, ಬಾಗಿಲಲ್ಲೇ ನಿಂತು. "ಮೂರು ಹಡದಾಳ ನನ್ನ ಕೈಯಾಗ. ಮೂರೂ ಸಲ ಮಂಜೀ ಅಂದಾಗನ ಓ ಅಂದಾಳ."

ಹೊಳೆಯಪ್ಪನ ಹೆಂಡತಿ ಕರಿಯವ್ವನದು ಇನ್ನೊಂದು ತರಹ. ಗಂಡ ಎಲ್ಲಿ ಎಂದರೆ "ಹರಿಯೂ ನೀರಿಗೆ ಎತ್ತು ಮೈತೊಳ್ಯಾಕ ಹೋಗ್ಯಾರ್ರಿ" ಎಂದಳು. ಗಂಡನ ಹೆಸರಿನಲ್ಲಿ ಹೊಳೆ ಇದೆಯಾದ್ದರಿಂದ ಆ ಮಾತೇ ಅವಳ ನಾಲಿಗೆಗೆ ನಿಷಿದ್ಧ. ಮಾಸ್ತರರು ತಲೆ ಚಚ್ಚಿಕೊಂಡರು. ದೇವವ್ವ ನಗಲಿಲ್ಲ. ನಗಲು ಅವಳಿಗೆ ಹಕ್ಕೂ ಇರಲಿಲ್ಲ.

ಆರನೆಯ ದಿನದ ಹೊತ್ತಿಗೆ ನೂರಾ ತೊಂಬತ್ತೆಂಟು ಹೆಂಗಸರ ಹೆಸರು ಸೇರಿದವು. ಚಾವಡಿಯಲ್ಲಿ ಮಾಸ್ತರರು ಲೆಕ್ಕ ನೋಡಿ, "ಇನ್ನ ನೀನೊಬ್ಬಾಕಿ ಉಳದಿ" ಎಂದರು. "ದೇವವ್ವ. ಗಂಡನ ಹೆಸರು?"

"ಅದನ್ನ ಬಿಡ್ರಿ."

"ಬಿಡಾಕ ಬರಂಗಿಲ್ಲ."

"ನಮ್ಮಪ್ಪನ ಹೆಸರ ಬರಕೋರಿ. ದೇವಪ್ಪ."

"ಕೊರಳಾಗ ತಾಳಿ ಐತಿ. ಅಪ್ಪನ ಹೆಸರ ಬರದ್ರ ಮಂದಿ ಬಸವಿ ಬಿಟ್ಟಾಕಿ ಅಂದಾರ. ಆಮ್ಯಾಲ ನನ್ನ ಬೈಬ್ಯಾಡ."

ದೇವರಿಗೆ ಬಿಟ್ಟ ಹೆಣ್ಣೆಂದು ಕರೆಸಿಕೊಳ್ಳುವುದು ದೇವವ್ವನಿಗೆ ಬೇಕಿರಲಿಲ್ಲ. ಮಾಸ್ತರರು ಕನಿಕರದಿಂದಲ್ಲ, ಕೆಲಸ ಮುಗಿಯಲೆಂದು ಇನ್ನೊಂದು ಮಾತು ಹೇಳಿದರು. "ನೋಡವಾ, ಇಂಥಾ ಯಾದಿ ಎಲ್ಲಾ ಊರಾಗೂ ಮಾಡಾಕತ್ತಾರ. ಗದಗ-ಬೆಟಗೇರ್ಯಾಗ ಇರೂ ಗಂಡಸರ ಹೆಸರೆಲ್ಲಾ ಒಂದು ಕಡೆ ಬರತಾವ. ನೀ ಹೆಸರ ಹೇಳಿದ್ರ ಅಲ್ಲಿ ನನ್ನ ಗೆಳ್ಯಾ ಒಬ್ಬ ಅದಾನ, ನೋಡ್ಸಬಹುದು. ಸೋಮವಾರ ಯಾದಿ ಶಿರಹಟ್ಟಿಗೆ ಹೋಗತೈತಿ."

ಸೋಮವಾರಕ್ಕೆ ಎರಡು ದಿನ ಉಳಿದಿತ್ತು. ಆ ಎರಡು ದಿನ ದೇವವ್ವ ಮನೆಯಲ್ಲಿ ನಿಲ್ಲಲಿಲ್ಲ. ತಾಂಡೆಗೆ ಹೋದಳು, ಯಾರೂ ಕರೆದಿರಲಿಲ್ಲ. ಹೆರಿಗೆಗೆ ಇನ್ನೂ ತಿಂಗಳಿದ್ದ ಸೊಸೆಯ ಹೊಟ್ಟೆ ಮುಟ್ಟಿ ನೋಡಲು ನೇಕಾರ ಓಣಿಗೆ ದಿನಕ್ಕೆ ಮೂರು ಸಲ ಹೋದಳು. ಬಾವಿಗೆ ಹೋಗಿ ಕೊಡ ಬಿಟ್ಟು ಬಂದಳು, ಕೊಡ ತರಲು ಹೋಗಿ ಸಿಂಬೆ ಬಿಟ್ಟು ಬಂದಳು. ಹೆಸರು ಹೇಳಿದರೆ ಅವನು ಸಿಕ್ಕಾನು. ಹೆಸರು ಹೇಳಿದರೆ ಅವನು ಸತ್ತಾನು. ಹೇಳದಿದ್ದರೆ ತಾನು ಹೆಸರು ಬರೆಸಿದ ನೂರಾ ತೊಂಬತ್ತೆಂಟು ಹೆಂಗಸರ ಸಾಲಿನಲ್ಲಿ ತಾನೇ ಇರುವುದಿಲ್ಲ.

ಸೋಮವಾರ ಮುಂಜಾನೆ ಚಾವಡಿಗೆ ಬಂದಳು. ಗೌಡರ ಮನೆಯ ಹಿರಿಯಳು ನೀಲಗಂಗವ್ವ ತನ್ನ ಹೆಸರು ಸರಿಯಾಗಿ ಬರೆದಿದೆಯೋ ಇಲ್ಲವೋ ಕೇಳಲು ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಕರಿಯವ್ವ, ಮಂಜವ್ವ ಅಲ್ಲೇ ಇದ್ದರು. ಅಮೀನಬಿ ಮಲಾರ ಇಳಿಸಿ ಕಂಬಕ್ಕೊರಗಿದ್ದಳು. ದೇವವ್ವ ಯಾರನ್ನೂ ನೋಡದೆ, ಮಾಸ್ತರರ ಮಸಿಯ ದೌತಿಯನ್ನೇ ನೋಡುತ್ತ ಹೇಳಿದಳು:

"ಪಾಂಡಪ್ಪ."

ಒಡಪಿಲ್ಲ, ಏನೂ ಇಲ್ಲ. ಮಾಸ್ತರರು ಬರೆದುಕೊಂಡರು. ದೇವವ್ವ ಕಂಬ ಹಿಡಿದು ನಿಂತಳು. ಆಕಾಶ ಬಿದ್ದಿರಲಿಲ್ಲ.

"ಇಷ್ಟಕ್ಕ ಎರಡು ದಿನ ಕುಣದೇನ?" ಎಂದಳು ನೀಲಗಂಗವ್ವ. "ನಮಗೇನ ಗೊತ್ತಿರಲಿಲ್ಲೇನು?"

ದೇವವ್ವ ತಿರುಗಿದಳು. "ಯಾರ ಹೇಳಿದ್ರು?"

"ನೀನ ಹೇಳಿದಿ. ಇಪ್ಪತ್ತು ವರ್ಷಾತು, ಪಾಂಡವರಿಗೆ ಐವರು ಅಂತಿ, ಪಂಢರಪುರಕ್ಕ ದೊಡ್ಡ ದೇವರ ಊರು ಅಂತಿ. ಇನ್ನ ಹೆಂಗ ಹೇಳಬೇಕವಾ? ಡಂಗುರ ಸಾರಬೇಕಿತ್ತೇನು?"

ಮಂಜವ್ವ ಕಿಸಕ್ಕೆಂದಳು. "ನಾ ಲಗ್ನಾಗಿ ಬಂದ ವರ್ಷನ ನಮ್ಮತ್ತಿ ಹೇಳಿದ್ಲು, ಯಕ್ಕಾ."

"ಗೊತ್ತಿತ್ತು ಅಂದ್ರ," ದೇವವ್ವನ ದನಿ ಏರಿತು, "ಗದಗಿಗೆ ಹೋದಾಗ ಯಾರರ ಒಬ್ಬರು ಕೇಳಬಾರದಿತ್ತ? ನನಗ ಹೇಳಾಕ ಬರ್ತಿದ್ದಿಲ್ಲ. ನಿಮಗೇನಾಗಿತ್ತು ಧಾಡಿ?"

"ನೀ ಮುಚ್ಚಿಟ್ಟ ಹೆಸರ ನಾವು ಹೆಂಗ ಬಿಚ್ಚೂದು?" ಎಂದಳು ನೀಲಗಂಗವ್ವ. ಅವಳ ದೃಷ್ಟಿಯಲ್ಲಿ ಅದು ಮರ್ಯಾದೆ. ಇಡೀ ಊರು ಇಪ್ಪತ್ತು ವರ್ಷ ಒಬ್ಬ ಹೆಂಗಸಿಗೆ ಮರ್ಯಾದೆ ಕೊಟ್ಟು ಅವಳನ್ನು ದಾರಿಯಲ್ಲಿ ನಿಲ್ಲಿಸಿತ್ತು.

ದೇವವ್ವ ಅಮೀನಬಿಯ ಕಡೆ ನೋಡಿದಳು. "ನೀ ತಿಂಗಳಿಗೊಮ್ಮೆ ಬೆಟಗೇರಿಗೆ ಹೋಗಾಕಿ. ಈಗರ ಕೇಳಿ ಬಾ. ಹೆಸರ ಹೇಳೇನಿ."

ಅಮೀನಬಿ ಮಲಾರದ ಹಗ್ಗ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಕೇಳೂದೇನಿಲ್ಲವಾ," ಎಂದಳು. "ಬೆಟಗೇರ್ಯಾಗ ನೇಕಾರ ಓಣಿ ಐತಿ. ಅಲ್ಲಿ ಅನ್ನವ್ವ ಅಂತ ಒಬ್ಬಾಕಿಗೆ ನಾ ಬಳಿ ಇಡತಿದ್ದೆ. ಗಂಡ ಎತ್ತರ, ಎಡಗಿವಿ ಹರದಿತ್ತು. ಹೆಸರು ಅದ. ಹನ್ನೊಂದು ವರ್ಷದ ಹಿಂದ ಹೋದಾಗ ಆಕಿ ಕೈ ಸೆರಗಿನೊಳಗ ಎಳಕೊಂಡ್ಲು."

ಬಳೆಗಾರ್ತಿಗೆ ಸಾವಿನ ಸುದ್ದಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಡ್ಡಬೇಕಾದ ಕೈ ಒಳಗೆ ಹೋಗುತ್ತದೆ, ಅಲ್ಲಿಗೆ ತಿಳಿಯುತ್ತದೆ.

ದೇವವ್ವ ತನ್ನ ಕೈ ನೋಡಿಕೊಂಡಳು.

"ಹನ್ನೊಂದು ವರ್ಷ ನನಗ ಹಸರ ಬಳಿ ಇಟ್ಟಿ."

"ನೀ ಕೈ ಒಡ್ಡಿದಿ. ನಾ ಇಟ್ಟೆ."

"ಹೇಳಬೇಕಿತ್ತ ನೀ."

"ಯಾರು ಸತ್ತ ಅಂತ ಹೇಳ್ಲಿ? ನಿನಗ ಗಂಡನ ಹೆಸರ ಇರಲಿಲ್ಲ."

ಇದು ದಯೆಯೋ, ವ್ಯಾಪಾರವೋ, ಹೇಡಿತನವೋ ಎಂದು ನಾನು ಅಮೀನಬಿಯನ್ನು ಅವಳ ಮುಪ್ಪಿನಲ್ಲಿ ಕೇಳಿದೆ. "ಮೂರೂ ಇರಬಹುದ್ರಿ" ಎಂದಳು. ಅವಳನ್ನು ನಂಬಿದ್ದೇನೆ ಎಂದು ಮೊದಲೇ ಹೇಳಿದ್ದು ಅದಕ್ಕೇ.

ದೇವವ್ವ ಅಮೀನಬಿಯ ಮುಂದೆ ಹೋಗಿ ಎರಡೂ ಕೈ ಚಾಚಿದಳು. "ನೀನ ಇಟ್ಟಿ, ನೀನ ತಗಿ."

"ಹಂಗ ತಗೀಬಾರದ, ಒಡೀಬೇಕು" ಎಂದು ನೀಲಗಂಗವ್ವ ಎದ್ದು ನಿಂತಳು. "ಶಾಸ್ತ್ರ ಐತಿ."

"ಹನ್ನೊಂದು ವರ್ಷದ ಹಿಂದ ಒಡೀಬೇಕಿತ್ತು. ಈಗ ಒಡದ್ರ ಗಾಜ ದಂಡ."

ಮಂಜವ್ವ ಓಡಿಹೋಗಿ ಔಡಲೆಣ್ಣೆ ತಂದಳು. ಅಮೀನಬಿ ದೇವವ್ವನ ಹೆಬ್ಬೆರಳನ್ನು ಅಂಗೈಗೆ ಮಡಚಿ, ಎಣ್ಣೆ ಹಚ್ಚಿ, ಒಂದೊಂದಾಗಿ ಇಪ್ಪತ್ತೆರಡು ಬಳೆಯನ್ನೂ ಸರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ತಾಳಿಯನ್ನು ದೇವವ್ವ ತಾನೇ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅತ್ತಳೇ ಎಂದು ಚಿಕ್ಕಪ್ಪನವರನ್ನು ಕೇಳಿದಾಗ, ಅವರು ಆಗ ಯಾದಿ ಕಟ್ಟುತ್ತಿದ್ದುದರಿಂದ ನೋಡಲಿಲ್ಲವಂತೆ.

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಬೆಟಗೇರಿಗೆ ನಡೆದಳು. ನೇಕಾರ ಓಣಿ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಸಾಲು ಮನೆಗಳಿಂದ ಮಗ್ಗದ ಸಪ್ಪಳ. ಮೊದಲನೆಯ ಬಾಗಿಲಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ, ಬೀದಿಯಲ್ಲಿ ನಾಲ್ಕು ಜನ ಕೇಳುವಂತೆ ಕೇಳಿದಳು:

"ಪಾಂಡಪ್ಪನ ಮನಿ ಯಾವುದ್ರಿ?"

ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದ ಮುದುಕ ಲಾಳಿ ನಿಲ್ಲಿಸಿದ. "ಯಾವ ಪಾಂಡಪ್ಪ ಬೇ? ಈ ಓಣ್ಯಾಗ ಏಳು ಮಂದಿ ಪಾಂಡಪ್ಪ. ಎರಡು ಸತ್ತಾವ, ಐದು ಕುಡಿತಾವ."

ದೇವವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಡಗಿವಿ ಹರದಿತ್ತು" ಎಂದಳು.

"ಹರಕಗಿವಿ ಏನ? ಮದಲ ಹಂಗ ಹೇಳಬಾರದ! ಅವನ್ನ ಪಾಂಡಪ್ಪ ಅಂತ ಯಾರ ಕರೀತಿದ್ರು? ಮೂಲಿ ಮನಿ ನೋಡು, ಬೇವಿನ ಗಿಡದ ಕೆಳಗ."

ಹತ್ತಿ ಪೇಟೆ ಬಿಟ್ಟು ಒಂದು ಸಲ ಈ ಓಣಿಗೆ ಬಂದಿದ್ದರೆ ಹೆಸರೇ ಬೇಕಿರಲಿಲ್ಲ.

ಬೇವಿನ ಗಿಡದ ಕೆಳಗಿನ ಮನೆಯಲ್ಲಿ ಅನ್ನವ್ವ ಬಳೆಯಿಲ್ಲದ ಬರಿಗೈಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ದೇವವ್ವನ ಮುಖ ನೋಡಿ, ಆಮೇಲೆ ಮುಂಗೈ ನೋಡಿದಳು. ಬಳೆಯಿದ್ದ ಕಡೆ ಚರ್ಮ ಇನ್ನೂ ಬೆಳ್ಳಗೆ ಗೆರೆ ಬಿಟ್ಟಿತ್ತು.

"ಯಾರು?"

"ಕರೇಬಾವಿ ಸೂಲಗಿತ್ತಿ."

"ಇಲ್ಲಿ ಹಡಿಯಾವ್ರ ಯಾರೂ ಇಲ್ಲ."

"ಗೊತ್ತೈತಿ. ನೀರ ಕೊಡು."

ಅನ್ನವ್ವ ತಂಬಿಗೆಯಲ್ಲಿ ನೀರು ಕೊಟ್ಟು, ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. ದೇವವ್ವ ನಿಂತೇ ಕುಡಿದು, ತಂಬಿಗೆ ತಿರುಗಿ ಕೊಟ್ಟು ಹೊರಟು ಬಂದಳು. ಅಲ್ಲಿ ಕೂಡಬಹುದಿತ್ತು, ಇನ್ನೇನು ಹುಡುಕುವುದಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ನಡೆದ ಕಾಲು ಕಾರಣ ಮುಗಿದ ಮಾತ್ರಕ್ಕೆ ನಿಲ್ಲುವುದಿಲ್ಲ.

೧೯೫೨ರ ಜನವರಿಯಲ್ಲಿ ಕರೇಬಾವಿಯ ಶಾಲೆಯಲ್ಲಿ ಮತದಾನ ನಡೆಯಿತು. ಹೆಂಗಸರ ಸಾಲಿನಲ್ಲಿ ಮೊದಲು ನಿಂತವಳು ದೇವವ್ವ. ಪರವೂರಿನ ಅಧಿಕಾರಿ ಯಾದಿ ನೋಡಿ, "ಗಂಡನ ಹೆಸರು?" ಎಂದರು.

"ಪಾಂಡಪ್ಪ" ಎಂದಳು, ಬಾಗಿಲಾಚೆಗೂ ಕೇಳುವಂತೆ.

"ನಿಂದ ಚಲೋ ಆತ ಬಿಡ ಯಕ್ಕಾ," ಹಿಂದೆ ನಿಂತಿದ್ದ ಕರಿಯವ್ವ ಪಿಸುಗುಟ್ಟಿದಳು. "ಸತ್ತಾನ. ಹೇಳಬಹುದು."

ಮತ ಹಾಕಿ ದೇವವ್ವ ಹೊರಗೆ ಬರುವಷ್ಟರಲ್ಲಿ ಕರಿಯವ್ವ ಮೇಜಿನ ಮುಂದೆ ಮುಖ ಮುಚ್ಚಿಕೊಂಡು ನಿಂತಿದ್ದಳು. ಅಧಿಕಾರಿ ಮೂರನೆಯ ಸಲ ಕೇಳುತ್ತಿದ್ದರು. ಸಾಲು ಬಾವಿಯವರೆಗೆ ಬೆಳೆದಿತ್ತು.

"ಹೊಳೆಯಪ್ಪ! ಬರಕೋರಿ!" ಎಂದು ದೇವವ್ವ ಬಾಗಿಲಿನಿಂದಲೇ ಕೂಗಿದಳು. ಆಮೇಲೆ ಹುಲಗಪ್ಪ, ಶೇಖಸಾಬ, ಫಕೀರಸಾಬ. ನೇಕಾರ ಓಣಿಯವರು, ವಾಡೆಯವರು, ತಾಂಡೆಯವರು. ಬಂದವರ ಗಂಡಂದಿರ ಹೆಸರನ್ನೆಲ್ಲ ಸಂಜೆಯವರೆಗೆ ಕೂಗುತ್ತ ನಿಂತಳು. ಮಾಸ್ತರರು ಮಧ್ಯಾಹ್ನ ಒಂದು ಕುರ್ಚಿ ತರಿಸಿ ಬಾಗಿಲ ಬಳಿ ಹಾಕಿಸಿದರು. ಅದರ ಮೇಲೆ ಕೊನೆಗೆ ನೀಲಗಂಗವ್ವ ಕುಳಿತಳು.